ಐಎಎಸ್ ಬಿಟ್ಟು ಕಣಕ್ಕಿಳಿದವರನ್ನು ಅಫಿಡವಿಟ್ ಪೋರ್ಟಲ್‌ನಲ್ಲಿ ಓದುವುದು: ಕಾಸರಗೋಡಿನ ಮತದಾರರಿಗೊಂದು ವಿಮರ್ಶೆ

ಕೇಂದ್ರ ಚುನಾವಣಾ ಆಯೋಗದ ಅಭ್ಯರ್ಥಿ ಅಫಿಡವಿಟ್ ಪೋರ್ಟಲ್ ಪುಕ್ಕಟೆ ಸೇವೆ. ಲಾಗಿನ್ ಬೇಡ, ಶುಲ್ಕ ಇಲ್ಲ. ಮೊಬೈಲಿದ್ದರೆ ಮಂಜೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಒಬ್ಬ ಉಮೇದುವಾರನ ಆದಾಯ, ಆಸ್ತಿ, ಸಾಲ, ಕೇಸು ಎಲ್ಲವನ್ನೂ ಅವನದೇ ಸಹಿಯ ಕಾಗದದಲ್ಲಿ ನೋಡಬಹುದು. ಎಲ್ಲ ಅಭ್ಯರ್ಥಿಗಳಿಗೂ ಇರುವ ಸೇವೆಯೇ ಆದರೂ ಇಲ್ಲಿ ಅದನ್ನು ಒಂದೇ ಕೆಲಸಕ್ಕೆ ಒರೆಗೆ ಹಚ್ಚಿದ್ದೇವೆ. ಸರ್ಕಾರಿ ಅಧಿಕಾರಿಯಾಗಿದ್ದು ಆಮೇಲೆ ರಾಜಕೀಯಕ್ಕೆ ಬಂದವರ ಬದುಕನ್ನು ಇದರಿಂದ ಎಷ್ಟರಮಟ್ಟಿಗೆ ತಿಳಿಯಬಹುದು? ತಿಳಿಯುವುದು ಬಹಳ, ಆದರೆ ಕಡತವನ್ನು ಎಲ್ಲಿಂದ ಬಿಚ್ಚಬೇಕೆಂದು ಗೊತ್ತಿರಬೇಕು.

ನಮ್ಮ ಸುತ್ತಮುತ್ತ ಇಂಥವರಿಗೆ ಕೊರತೆ ಇಲ್ಲ. ಮಂಗಳೂರಿನಲ್ಲಿ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಯಾಗಿದ್ದ ಸಸಿಕಾಂತ್ ಸೆಂಥಿಲ್ 2009ರ ಬ್ಯಾಚಿನ ಕರ್ನಾಟಕ ಕೇಡರ್ ಐಎಎಸ್. 2019ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟು, 2020ರಲ್ಲಿ ಕಾಂಗ್ರೆಸ್ ಸೇರಿ, 2024ರಲ್ಲಿ ತಮಿಳುನಾಡಿನ ತಿರುವಳ್ಳೂರಿನಿಂದ ಐದೂವರೆ ಲಕ್ಷಕ್ಕೂ ಮಿಕ್ಕಿದ ಅಂತರದಲ್ಲಿ ಲೋಕಸಭೆಗೆ ಗೆದ್ದರು. ಉಡುಪಿ, ಚಿಕ್ಕಮಗಳೂರುಗಳಲ್ಲಿ ಎಸ್‌ಪಿ ಆಗಿದ್ದ ಅಣ್ಣಾಮಲೈ 2011ರ ಬ್ಯಾಚಿನ ಐಪಿಎಸ್. 2019ರಲ್ಲಿ ಸೇವೆ ಬಿಟ್ಟು 2020ರಲ್ಲಿ ಬಿಜೆಪಿ ಸೇರಿದ ಅವರು 2021ರಲ್ಲಿ ಅರವಕುರಿಚ್ಚಿಯಲ್ಲೂ 2024ರಲ್ಲಿ ಕೊಯಮತ್ತೂರಿನಲ್ಲೂ ಸ್ಪರ್ಧಿಸಿ ಸೋತರು. ಕೇರಳ ಕೇಡರಿನ ಅಲ್ಫೋನ್ಸ್ ಕಣ್ಣಂತಾನಂ ಕೋಟ್ಟಯಂ ಕಲೆಕ್ಟರಾಗಿದ್ದಾಗ 1989ರಲ್ಲಿ ಆ ಪಟ್ಟಣ ಪೂರ್ಣ ಸಾಕ್ಷರವಾಯಿತು. 2006ರಲ್ಲಿ ಎಡರಂಗದ ಬೆಂಬಲದ ಸ್ವತಂತ್ರರಾಗಿ ಕಾಂಜಿರಪ್ಪಳ್ಳಿಯಿಂದ ಶಾಸಕರಾದರು, ಮುಂದೆ ಬಿಜೆಪಿಯಿಂದ ಕೇಂದ್ರ ಮಂತ್ರಿಯಾದರು, 2019ರಲ್ಲಿ ಎರ್ಣಾಕುಳಂನಲ್ಲಿ ಸ್ಪರ್ಧಿಸಿದರು. ಮೂವರ ದಾರಿ ಬೇರೆ ಬೇರೆ. ಅವರ ಕಾಗದ ಓದುವ ಕ್ರಮ ಮಾತ್ರ ಒಂದೇ.

ಪೋರ್ಟಲ್ ತೆರೆದರೆ ಮೇಲ್ಗಡೆ ಚುನಾವಣೆಯ ಬಗೆ, ಚುನಾವಣೆಯ ಹೆಸರು, ರಾಜ್ಯ, ಹಂತ, ಕ್ಷೇತ್ರ ಎಂಬ ಆಯ್ಕೆಗಳು ಸಾಲಾಗಿರುತ್ತವೆ. ಮೊದಲಿನದ್ದನ್ನು ಆರಿಸದೆ ಮುಂದಿನದು ತೆರೆಯುವುದಿಲ್ಲ. ಹೆಚ್ಚಿನವರು ಎಡವುವುದು ಮೊದಲ ಎರಡರಲ್ಲೇ. ಸಾರ್ವತ್ರಿಕ ಚುನಾವಣೆಯ ಪಟ್ಟಿಯಲ್ಲಿ ಉಪಚುನಾವಣೆಯವರು ಇರುವುದಿಲ್ಲ. ಲೋಕಸಭೆಯ ಪಟ್ಟಿಯಲ್ಲಿ ವಿಧಾನಸಭೆಯವರನ್ನು ಹುಡುಕಿ ಪ್ರಯೋಜನವಿಲ್ಲ. ಕಾಸರಗೋಡು ಲೋಕಸಭಾ ಕ್ಷೇತ್ರವೆಂದರೆ ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡು, ತೃಕ್ಕರಿಪುರದ ಜೊತೆಗೆ ಕಣ್ಣೂರು ಜಿಲ್ಲೆಯ ಪಯ್ಯನ್ನೂರು ಮತ್ತು ಕಲ್ಯಾಶ್ಶೇರಿ ಸೇರಿ ಏಳು. ವಿಧಾನಸಭೆಯ ಅಭ್ಯರ್ಥಿ ಬೇಕಿದ್ದರೆ ಈ ಏಳರಲ್ಲಿ ಯಾವುದೆಂದು ಮೊದಲೇ ತಿಳಿದಿರಬೇಕು.

ಕ್ಷೇತ್ರ ಆರಿಸಿದ ಮೇಲೆ ಫೋಟೋ, ಪಕ್ಷ, ನಾಮಪತ್ರದ ಸ್ಥಿತಿ ಇರುವ ಕಾರ್ಡುಗಳು ಬರುತ್ತವೆ. ಸಲ್ಲಿಸಿದವರು, ಸ್ವೀಕೃತರಾದವರು, ತಿರಸ್ಕೃತರಾದವರು, ಹಿಂತೆಗೆದುಕೊಂಡವರು, ಕಣದಲ್ಲಿ ಉಳಿದವರು ಎಲ್ಲರೂ ಇರುತ್ತಾರೆ. ಕಣದಲ್ಲಿ ಉಳಿದವರೆಂಬ ಆಯ್ಕೆ ಹಾಕಿದರೆ ಪಟ್ಟಿ ಚಿಕ್ಕದಾಗುತ್ತದೆ. ಒಬ್ಬನೇ ಅಭ್ಯರ್ಥಿಯ ಹೆಸರು ಎರಡು ಮೂರು ಸಲ ಕಂಡರೆ ಗಾಬರಿ ಬೇಡ, ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಲು ಕಾನೂನಿನಲ್ಲೇ ಅವಕಾಶ ಇದೆ. ಒಂದಕ್ಕಿಂತ ಹೆಚ್ಚು ಅಫಿಡವಿಟ್ ಇದ್ದರೆ ಕೊನೆಯ ದಿನಾಂಕದ್ದನ್ನು ತೆಗೆದುಕೊಳ್ಳಿ, ಮೊದಲಿನದ್ದನ್ನೂ ಇಳಿಸಿಕೊಳ್ಳಿ. ತಿದ್ದುಪಡಿಯಾದದ್ದು ಯಾವ ಕಾಲಂ ಎಂದು ಎರಡನ್ನೂ ಜೊತೆಯಲ್ಲಿಟ್ಟರೆ ತಿಳಿಯುತ್ತದೆ.

ಇಳಿಸಿದ ಪಿಡಿಎಫ್ ನಮೂನೆ 26. ಛಾಪಾ ಕಾಗದದ ಮೇಲೆ ಟೈಪು ಮಾಡಿ ಅಥವಾ ಕೈಯಲ್ಲಿ ಬರೆದು, ಪುಟಪುಟಕ್ಕೂ ಸಹಿ ಹಾಕಿ, ನೋಟರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿದ್ದನ್ನು ಸ್ಕ್ಯಾನ್ ಮಾಡಿ ಏರಿಸಿರುತ್ತಾರೆ. ಅಂದರೆ ಅದು ಚಿತ್ರ. ಒಳಗಿನ ಪದ ಹುಡುಕಲು ಬರುವುದಿಲ್ಲ, ಅಂಕಿಗಳನ್ನು ನಕಲು ಮಾಡಲು ಬರುವುದಿಲ್ಲ, ಮೊಬೈಲಿನಲ್ಲಿ ಕೋಷ್ಟಕಗಳು ಅಡ್ಡಡ್ಡ ಬರುತ್ತವೆ. ಸೇವೆಯ ಅತಿ ದೊಡ್ಡ ಕೊರತೆ ಇದೇ. ಅಭ್ಯರ್ಥಿಗಳ ವಿವರವನ್ನು ಅಂಕಿಗಳ ರೂಪದಲ್ಲೂ ಕೊಟ್ಟಿದ್ದರೆ ಮತದಾರನ ಅರ್ಧ ಕಷ್ಟ ತಪ್ಪುತ್ತಿತ್ತು.

ಇನ್ನು ಓದುವ ಕ್ರಮ. ಮಾಜಿ ಅಧಿಕಾರಿಯ ಅಫಿಡವಿಟ್‌ನಲ್ಲಿ ಮೊದಲು ನೋಡಬೇಕಾದದ್ದು 4ನೇ ಕಾಲಂ. ಅಭ್ಯರ್ಥಿ, ಸಂಗಾತಿ, ಅವಿಭಕ್ತ ಕುಟುಂಬ, ಅವಲಂಬಿತರು ಇವರೆಲ್ಲರ ಕಳೆದ ಐದು ವರ್ಷದ ಆದಾಯ ತೆರಿಗೆ ರಿಟರ್ನಿನ ಮೊತ್ತ ಅಲ್ಲಿರುತ್ತದೆ. ಐದು ವರ್ಷದ ಲೆಕ್ಕ ಕೇಳಲು ಶುರುವಾದದ್ದು 2019ರ ಫೆಬ್ರವರಿಯ ತಿದ್ದುಪಡಿಯಿಂದ. ಅದಕ್ಕೆ ಮುಂಚಿನವುಗಳಲ್ಲಿ ಒಂದೇ ವರ್ಷದ್ದು. ಐದು ವರ್ಷ ಎಂಬುದು ಅಧಿಕಾರಿಗಳ ಮಟ್ಟಿಗೆ ಬಹಳ ಮುಖ್ಯ. 2019ರಲ್ಲಿ ಕೆಲಸ ಬಿಟ್ಟವರು 2021ರಲ್ಲಿ ಸ್ಪರ್ಧಿಸಿದರೆ ಐದರಲ್ಲಿ ಹೆಚ್ಚಿನ ವರ್ಷಗಳು ಸಂಬಳದ ವರ್ಷಗಳು. ಅವರೇ 2024ರಲ್ಲಿ ಮತ್ತೆ ಸ್ಪರ್ಧಿಸುವಾಗ ಸಂಬಳದ ಕಾಲ ಬಹುಪಾಲು ಪಟ್ಟಿಯಿಂದ ಜಾರಿ ಹೋಗಿರುತ್ತದೆ. ಆದ್ದರಿಂದ ಅಧಿಕಾರಿ ರಾಜಕಾರಣಿಯ ಮೊದಲ ಅಫಿಡವಿಟ್‌ಗಿರುವ ಬೆಲೆ ಎರಡನೆಯದಕ್ಕೆ ಇಲ್ಲ. ಮೊದಲನೆಯದು ಸಿಕ್ಕಿದಾಗಲೇ ಇಳಿಸಿ ಇಟ್ಟುಕೊಳ್ಳಬೇಕು.

ಇಲ್ಲಿ ಎರಡು ತಪ್ಪು ಓದು ಸಾಮಾನ್ಯ. ರಿಟರ್ನಿನ ಒಟ್ಟು ಆದಾಯವೆಂದರೆ ಕಡಿತಗಳೆಲ್ಲ ಕಳೆದ ಮೇಲಿನದು. ಹಳೆಯ ತೆರಿಗೆ ಕ್ರಮದಲ್ಲಿ ಪ್ರಾವಿಡೆಂಟ್ ಫಂಡ್, ವಿಮೆ ಮುಂತಾದವಕ್ಕೆ ಒಂದೂವರೆ ಲಕ್ಷದವರೆಗೆ ಕಳೆಯಬಹುದು. ಹಾಗಾಗಿ ಕಲೆಕ್ಟರ ಸಂಬಳಕ್ಕಿಂತ ಆ ಅಂಕಿ ಕಡಿಮೆ ಕಂಡರೆ ಅದು ಸುಳ್ಳಲ್ಲ. ಎರಡನೆಯದು, ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಅದು ಈ ಮೊತ್ತದಲ್ಲಿ ಸೇರುವುದಿಲ್ಲ. ಅಡಿಕೆ ತೋಟ, ರಬ್ಬರ್ ಇರುವ ಮನೆಯವರ ಆದಾಯ ತಿಳಿಯಬೇಕಾದರೆ ಕೆಳಗಿನ 9ಎ ಕಾಲಂನಲ್ಲಿ ಆದಾಯದ ಮೂಲವಾಗಿ ಕೃಷಿ ಎಂದಿದೆಯೇ ನೋಡಿ, ಅದನ್ನು 7ನೇ ಕಾಲಂನ ಕೃಷಿ ಜಮೀನಿನ ಜೊತೆ ಹೊಂದಿಸಬೇಕು.

5 ಮತ್ತು 6ನೇ ಕಾಲಂ ಕ್ರಿಮಿನಲ್ ಕೇಸುಗಳದ್ದು. ಎಫ್‌ಐಆರ್ ನಂಬರು, ನ್ಯಾಯಾಲಯ, ಕಲಂ, ಆರೋಪ ಹೊರಿಸಿದ ದಿನಾಂಕ ಬರುತ್ತದೆ. ಆದರೆ ಇಲಾಖಾ ವಿಚಾರಣೆ, ಅಮಾನತು, ದಂಡನೆ ಇವುಗಳನ್ನು ನಮೂನೆ ಕೇಳುವುದೇ ಇಲ್ಲ. ಅಧಿಕಾರಿಯಾಗಿದ್ದವನ ಬದುಕಿನಲ್ಲಿ ಇದಕ್ಕಿಂತ ಮುಖ್ಯವಾದ ಮಾಹಿತಿ ಇನ್ನೇನಿದೆ? ಅಧಿಕಾರಿ ಸರ್ಕಾರದ ಆದೇಶದ ವಿರುದ್ಧ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಿದ್ದರೆ ಅಲ್ಲಿನ ತೀರ್ಪಿನಲ್ಲಿ ಇಂಥ ವಿವರ ಸಿಗುತ್ತದೆ. ಕೇರಳ ಕೇಡರಿನವರದ್ದಾದರೆ ಎರ್ಣಾಕುಳಂ ಪೀಠ, ಕರ್ನಾಟಕದವರದ್ದಾದರೆ ಬೆಂಗಳೂರು ಪೀಠ. ಹೆಸರು ಹಾಕಿ ಹುಡುಕಬೇಕು, ತಾಳ್ಮೆ ಬೇಕು. ಸೇವೆಯಿಂದ ವಜಾ ಆದವರ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿದೆ. ಭ್ರಷ್ಟಾಚಾರ ಅಥವಾ ರಾಷ್ಟ್ರನಿಷ್ಠೆಯ ಕೊರತೆಗಾಗಿ ವಜಾ ಆದವರು ಐದು ವರ್ಷ ಸ್ಪರ್ಧಿಸುವಂತಿಲ್ಲ. ಬೇರೆ ಕಾರಣಕ್ಕೆ ವಜಾ ಆಗಿ ಐದು ವರ್ಷ ತುಂಬದವರು ಹಾಗಲ್ಲವೆಂದು ಆಯೋಗದಿಂದ ಪ್ರಮಾಣಪತ್ರ ತಂದು ನಾಮಪತ್ರಕ್ಕೆ ಲಗತ್ತಿಸಬೇಕು.

8ನೇ ಕಾಲಂನ ಎರಡನೇ ಭಾಗವನ್ನು ಹೆಚ್ಚಿನವರು ಹಾರಿಸಿ ಮುಂದೆ ಹೋಗುತ್ತಾರೆ. ಅಧಿಕಾರಿಗಳ ಮಟ್ಟಿಗೆ ಅದರಷ್ಟು ಮಾಹಿತಿ ಕೊಡುವ ಜಾಗ ಮತ್ತೊಂದಿಲ್ಲ. ಚುನಾವಣಾ ಅಧಿಸೂಚನೆಗೆ ಹಿಂದಿನ ಹತ್ತು ವರ್ಷದಲ್ಲಿ ಯಾವಾಗಲಾದರೂ ಸರ್ಕಾರಿ ವಸತಿಯಲ್ಲಿ ಇದ್ದರೋ, ಇದ್ದರೆ ವಿಳಾಸ ಯಾವುದು, ಬಾಡಿಗೆ, ಕರೆಂಟು, ನೀರು, ಟೆಲಿಫೋನ್ ಬಾಕಿ ಇದೆಯೋ ಎಂದು ಅಲ್ಲಿ ಹೇಳಬೇಕು. ನಾಲ್ಕಕ್ಕೂ ಬೇಬಾಕಿ ಪತ್ರ ಲಗತ್ತಿಸಬೇಕು. 2024ರ ಚುನಾವಣೆಗೆ ಕೇರಳದಲ್ಲಿ ಅಧಿಸೂಚನೆ ಹೊರಟದ್ದು ಮಾರ್ಚ್ 28ರಂದು, ಅಂದರೆ 2014ರ ಮಾರ್ಚ್‌ನಿಂದ ಈಚಿನ ಎಲ್ಲ ಕ್ವಾರ್ಟರ್ಸ್ ಲೆಕ್ಕಕ್ಕೆ ಬರುತ್ತವೆ. 2019ರಲ್ಲಿ ಸೇವೆ ಬಿಟ್ಟವರಿಗೆ ಐದು ವರ್ಷದ ಕ್ವಾರ್ಟರ್ಸ್. ಆ ವಿಳಾಸಗಳ ಸಾಲೇ ಅವರು ಎಲ್ಲೆಲ್ಲಿ ಕೆಲಸ ಮಾಡಿದರು ಎಂಬ ಪಟ್ಟಿಯಾಗುತ್ತದೆ. ಸೇವೆ ಬಿಟ್ಟು ಹತ್ತು ವರ್ಷ ದಾಟಿದವರಲ್ಲಿ ಈ ಭಾಗದಲ್ಲಿ ಇಲ್ಲ ಎಂದಷ್ಟೇ ಇರಬಹುದು, ಆದರೆ ನಡುವೆ ಮಂತ್ರಿಯೋ ಸಂಸದರೋ ಆಗಿ ಸರ್ಕಾರಿ ಮನೆ ಪಡೆದಿದ್ದರೆ ಅದೂ ಬರಬೇಕು. ಬೇಬಾಕಿ ಪತ್ರ ಸಿಗುವುದು ತಡವಾಗಿ ಕೊನೆಯ ದಿನ ಮಧ್ಯಾಹ್ನ 3 ಗಂಟೆಯ ಗಡುವಿನೊಳಗೆ ಓಡಾಡುವುದು ಈ ಕಾಲಂನಿಂದಾಗಿಯೇ. ಬೇರೆ ಬೇರೆ ಜಿಲ್ಲೆಗಳಲ್ಲಿ ಕೆಲಸ ಮಾಡಿದವರು ಪ್ರತಿ ಊರಿನ ಲೋಕೋಪಯೋಗಿ, ವಿದ್ಯುತ್, ನೀರಿನ ಕಚೇರಿಗಳಿಂದ ಪ್ರತ್ಯೇಕವಾಗಿ ತರಬೇಕು.

9ನೇ ಕಾಲಂ ವೃತ್ತಿ. ಈಗಿನ ವೃತ್ತಿಯನ್ನಷ್ಟೇ ಕೇಳುತ್ತದೆ, ಹಿಂದಿನದ್ದನ್ನಲ್ಲ. ಇಪ್ಪತ್ತು ವರ್ಷ ಆಡಳಿತ ಮಾಡಿದವರು ಅಲ್ಲಿ ಸಮಾಜ ಸೇವೆ ಎಂಬ ಎರಡು ಪದ ಬರೆದರೂ ನಡೆಯುತ್ತದೆ. ಹಾಗಾಗಿ ಸೇವೆ ಹೇಗೆ ಬಿಟ್ಟರು ಎಂಬುದನ್ನು 9ಎ ಕಾಲಂನಿಂದ ಊಹಿಸಬೇಕು. ಐಎಎಸ್, ಐಪಿಎಸ್‌ನಂಥ ಅಖಿಲ ಭಾರತ ಸೇವೆಯವರು ಹೊರಬರಲು ಎರಡು ದಾರಿ. 20 ವರ್ಷ ಅರ್ಹ ಸೇವೆ ಆದ ಮೇಲೆ ಮೂರು ತಿಂಗಳ ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ಪಡೆಯುವುದು ಒಂದು. ಅದರಲ್ಲಿ ಪಿಂಚಣಿ ಉಳಿಯುತ್ತದೆ. ಯಾವಾಗ ಬೇಕಾದರೂ ರಾಜೀನಾಮೆ ಕೊಡುವುದು ಇನ್ನೊಂದು. 1958ರ ಹಳೆಯ ಪಿಂಚಣಿ ನಿಯಮಗಳಡಿ ಇದ್ದವರು ಅದರಲ್ಲಿ ಹಿಂದಿನ ಸೇವೆಯ ಲಾಭ ಕಳೆದುಕೊಳ್ಳುತ್ತಾರೆ. ಆದಾಯದ ಮೂಲದಲ್ಲಿ ಪಿಂಚಣಿ ಎಂದಿದ್ದರೆ ನಿವೃತ್ತಿ, ಇಲ್ಲದಿದ್ದರೆ ರಾಜೀನಾಮೆ ಎಂದು ಸುಲಭದ ಸೂತ್ರ. ಆದರೆ 2004ರ ಜನವರಿ 1ರ ಬಳಿಕ ಸೇರಿದವರಿಗೆ ಈ ಸೂತ್ರ ಹಿಡಿಯಬೇಡಿ. ಅವರು ರಾಷ್ಟ್ರೀಯ ಪಿಂಚಣಿ ಯೋಜನೆಯವರು (ಎನ್‌ಪಿಎಸ್), ರಾಜೀನಾಮೆಯಿಂದ ಆ ಖಾತೆಯ ಹಣ ಮುಳುಗುವುದಿಲ್ಲ. ಎನ್‌ಪಿಎಸ್ ಮೊತ್ತ ಚರ ಆಸ್ತಿಯ ಪಟ್ಟಿಯಲ್ಲಿ, ಅಂಚೆ ಉಳಿತಾಯ, ವಿಮೆಗಳ ಸಾಲಿನಲ್ಲಿ ಇದೆಯೇ ನೋಡಬೇಕು. ಇನ್ನೊಂದು ವಿಷಯ. ರಾಜೀನಾಮೆ ಸ್ವೀಕಾರವಾಗಿ 90 ದಿನದೊಳಗೆ ಹಿಂತೆಗೆದುಕೊಳ್ಳಲು ಸಾಮಾನ್ಯವಾಗಿ ಅವಕಾಶ ಇದೆ, ರಾಜಕೀಯ ಪಕ್ಷ ಸೇರುವುದಕ್ಕಾಗಿ ಕೊಟ್ಟ ರಾಜೀನಾಮೆಗೆ ಆ ಅವಕಾಶ ಇಲ್ಲ. ಜಮ್ಮು ಕಾಶ್ಮೀರದ ಶಾ ಫೈಸಲ್ 2019ರಲ್ಲಿ ಪಕ್ಷ ಕಟ್ಟಿಯೂ 2022ರಲ್ಲಿ ಸೇವೆಗೆ ಮರಳಿದ್ದು ಅವರ ರಾಜೀನಾಮೆ ಸ್ವೀಕಾರವಾಗದೇ ಉಳಿದಿದ್ದರಿಂದ.

ಸೇವೆಯ ಕಾಲದ ವಿವರಕ್ಕೆ ಅಫಿಡವಿಟ್ ಪೋರ್ಟಲ್ ಸಾಲದು. ಕೇಂದ್ರ ಸಿಬ್ಬಂದಿ ಇಲಾಖೆಯ ಐಎಎಸ್ ಸಿವಿಲ್ ಲಿಸ್ಟ್ ಜೊತೆಗಿಟ್ಟುಕೊಳ್ಳಿ. ಬ್ಯಾಚು, ಕೇಡರು, ಹುಟ್ಟಿದ ದಿನ, ನೇರ ನೇಮಕವೋ ರಾಜ್ಯ ಸೇವೆಯಿಂದ ಬಡ್ತಿಯೋ ಎಂಬುದು ಅದರಲ್ಲಿದೆ. ಸೇವೆ ಬಿಟ್ಟವರ ಹೆಸರು ಈಗಿನ ಪಟ್ಟಿಯಲ್ಲಿ ಇರುವುದಿಲ್ಲ, ಅವರು ಇನ್ನೂ ಸೇವೆಯಲ್ಲಿದ್ದ ವರ್ಷದ ಪಟ್ಟಿ ತೆಗೆಯಬೇಕು. ಐಪಿಎಸ್‌ನವರ ಪಟ್ಟಿ ಗೃಹ ಸಚಿವಾಲಯದ್ದು. ಅಣ್ಣಾಮಲೈ ಅವರಂಥವರನ್ನು ಸಿಬ್ಬಂದಿ ಇಲಾಖೆಯಲ್ಲಿ ಹುಡುಕಿದರೆ ಸಿಗಲಾರರು. ತಹಶೀಲ್ದಾರ, ಡೆಪ್ಯುಟಿ ಕಲೆಕ್ಟರ್ ಮಟ್ಟದಿಂದ ಬಂದವರಿಗೆ ಇಷ್ಟು ಸೌಕರ್ಯ ಇಲ್ಲ, ರಾಜ್ಯ ಗೆಜೆಟ್ಟೇ ಗತಿ. ಮೊರಾರ್ಜಿ ದೇಸಾಯಿ ಮುಂಬಯಿ ಪ್ರಾಂತ್ಯದ ಡೆಪ್ಯುಟಿ ಕಲೆಕ್ಟರ್ ಕೆಲಸ ಬಿಟ್ಟದ್ದು 1930ರಲ್ಲಿ, ಯಶವಂತ ಸಿನ್ಹಾ ಐಎಎಸ್ ಬಿಟ್ಟದ್ದು 1984ರಲ್ಲಿ. ಅಫಿಡವಿಟ್ ಕಡ್ಡಾಯವಾದದ್ದು 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ. ಆ ತಲೆಮಾರಿನವರ ಆಸ್ತಿ ಲೆಕ್ಕ ಇಂಥ ಯಾವ ಪೋರ್ಟಲಿನಲ್ಲೂ ಪೂರ್ತಿ ಸಿಗದು.

ಸೇವೆಯಲ್ಲಿರುವ ಅಧಿಕಾರಿ ಪ್ರತಿ ವರ್ಷ ಜನವರಿ 31ರೊಳಗೆ ಸ್ಥಿರಾಸ್ತಿ ವಿವರ ಸಲ್ಲಿಸಬೇಕು. ಐಎಎಸ್‌ನವರ ಈ ವಿವರಗಳು 2011ರಿಂದ ಸಾರ್ವಜನಿಕ. ಅಧಿಕಾರಿಯ ಕೊನೆಯ ವರ್ಷದ ಸ್ಥಿರಾಸ್ತಿ ವಿವರವನ್ನೂ ಮೊದಲ ಅಫಿಡವಿಟ್‌ನ 7ನೇ ಕಾಲಂನ ಎರಡನೇ ಭಾಗವನ್ನೂ ಮೇಜಿನ ಮೇಲೆ ಜೊತೆಗಿಟ್ಟರೆ ಬದುಕಿನ ಎರಡು ಅಧ್ಯಾಯಗಳ ನಡುವಿನ ಸಂದು ಕಾಣುತ್ತದೆ. ಈ ಹೋಲಿಕೆ ಮಾಡುವವರು ಕಡಿಮೆ, ಮಾಡಬೇಕಾದದ್ದು ಇದೇ.

ರೂಪಾಯಿಯನ್ನು ಬಿಟ್ಟು ಸರ್ವೆ ನಂಬರು, ವಿಸ್ತೀರ್ಣ, ಕೊಂಡ ದಿನಾಂಕ, ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ನಾಲ್ಕನ್ನು ಹೋಲಿಸಿ. ಮಾರುಕಟ್ಟೆ ಬೆಲೆ ಅಭ್ಯರ್ಥಿಯ ಅಂದಾಜು, ವರ್ಷದಿಂದ ವರ್ಷಕ್ಕೆ ಏರುತ್ತದೆ. ಅಳತೆಯ ಗೊಂದಲ ನಮ್ಮ ಕಡೆ ಜಾಸ್ತಿ. ಕೇರಳದ ತೀರ್ವೆ ರಶೀದಿ ಹೆಕ್ಟೇರು, ಆರ್ ಲೆಕ್ಕದ್ದು, ಜನ ಬರೆಯುವುದು ಸೆಂಟಿನಲ್ಲಿ, ಗಡಿಯಾಚೆ ಕರ್ನಾಟಕದಲ್ಲಿ ಗುಂಟೆ, ಚೆನ್ನೈಯಲ್ಲಿ ಗ್ರೌಂಡ್. ಒಂದು ಎಕರೆಗೆ 100 ಸೆಂಟ್ ಅಥವಾ 40 ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟ್. ಒಂದು ಆರ್‌ಗೆ ಸುಮಾರು 2.47 ಸೆಂಟ್, 2,400 ಚದರಡಿಯ ಒಂದು ಗ್ರೌಂಡಿಗೆ ಸುಮಾರು ಐದೂವರೆ ಸೆಂಟ್. 20 ಆರ್ ಎಂಬುದನ್ನು 20 ಸೆಂಟ್ ಎಂದು ಓದಿದರೆ 49 ಸೆಂಟಿನ ಜಾಗ ಅರ್ಧಕ್ಕಿಂತ ಕಮ್ಮಿಯಾಗಿ ಕಾಣುತ್ತದೆ. ರೀಸರ್ವೆ ಆದ ಗ್ರಾಮಗಳಲ್ಲಿ ಹಳೆಯ ದಸ್ತಾವೇಜಿನ ನಂಬರು ಒಂದು, ವಿಲ್ಲೇಜ್ ಆಫೀಸಿನ ಈಗಿನ ನಂಬರು ಇನ್ನೊಂದು. ನಂಬರು ತಾಳೆಯಾಗದಿದ್ದರೆ ಆಸ್ತಿ ಮುಚ್ಚಿಟ್ಟರೆಂದು ತೀರ್ಮಾನಿಸುವ ಮೊದಲು ಗ್ರಾಮದ ಹೆಸರು, ವಿಸ್ತೀರ್ಣ ಹೊಂದುತ್ತದೆಯೇ ನೋಡಿ. ಚಿನ್ನದ ವಿಷಯದಲ್ಲೂ ಹಾಗೆಯೇ, ಬೆಲೆ ಬಿಟ್ಟು ತೂಕ ಹೋಲಿಸಿ. ಪವನ್ ಲೆಕ್ಕದಲ್ಲಿ ಬರೆದಿದ್ದರೆ ಎಂಟರಿಂದ ಗುಣಿಸಿದರೆ ಗ್ರಾಂ.

ಕನ್ನಡ ಓದುಗರಿಗೆ ಪೋರ್ಟಲ್ ಏನು ಕೊಡುತ್ತದೆ ಎಂಬಲ್ಲಿ ಅಂಕ ಕಳೆಯಲೇಬೇಕು. ಮಂಜೇಶ್ವರ, ಕಾಸರಗೋಡಿನ ಮತಯಂತ್ರದ ಮೇಲೆ ಅಭ್ಯರ್ಥಿಗಳ ಹೆಸರು ಕನ್ನಡದಲ್ಲೂ ಇರುತ್ತದೆ. ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಕೇರಳದ 1969ರ ರಾಜ್ಯಭಾಷಾ ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಹೆಸರು ಕನ್ನಡದಲ್ಲಿ ಓದಿ ಮತ ಹಾಕುವವರು ಆ ಹೆಸರಿನ ಹಿಂದಿನ ಲೆಕ್ಕವನ್ನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಓದಬೇಕು. ಇದು ಸರಿಯಲ್ಲ. ನಮೂನೆಯ ಬಿ ಭಾಗದಲ್ಲಿ 11ನೇ ಕಾಲಂ ಇಡೀ ಅಫಿಡವಿಟ್‌ನ ಸಾರಾಂಶ. ಅಷ್ಟನ್ನೇ ಕನ್ನಡ ಮಾಡಿ ವಿದ್ಯಾನಗರದ ಕಲೆಕ್ಟರೇಟಿನ ಫಲಕದಲ್ಲೂ ಪೋರ್ಟಲಿನಲ್ಲೂ ಹಾಕುವುದು ದೊಡ್ಡ ಕೆಲಸವಲ್ಲ. ಅಲ್ಲಿಯತನಕ ಒಂದು ಉಪಾಯ ಉಂಟು. ಕಾಲಂ ಸಂಖ್ಯೆಗಳು ಯಾವ ಭಾಷೆಯಲ್ಲೂ ಬದಲಾಗುವುದಿಲ್ಲ, ಅಂಕಿಗಳೂ ಒಂದೇ. ಖಾಲಿ ಇಂಗ್ಲಿಷ್ ನಮೂನೆಯೊಂದನ್ನು ಪಕ್ಕದಲ್ಲಿ ತೆರೆದಿಟ್ಟು ಸಂಖ್ಯೆ ಹಿಡಿದು ಓದಿ. ಟೈಪು ಮಾಡಿದ ಮಲಯಾಳ ಪುಟವನ್ನು ಮೊಬೈಲಿನ ಕ್ಯಾಮರಾ ಅನುವಾದ ತಕ್ಕಮಟ್ಟಿಗೆ ಹಿಡಿಯುತ್ತದೆ, ಕೈಬರಹವನ್ನು ನೆಚ್ಚಬೇಡಿ. ಮಲಯಾಳ ಬಲ್ಲ ಅಕ್ಷಯ ಕೇಂದ್ರದವರನ್ನೋ ಶಾಲೆಯ ಮಕ್ಕಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಮೇಲು.

ಸ್ಕ್ಯಾನಿನ ಬದಲು ಮುದ್ರಿತ ಅಕ್ಷರ ಬೇಕಿದ್ದವರು ಮೈನೇತಾ ನೋಡಬಹುದು. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಅಫಿಡವಿಟ್‌ಗಳನ್ನು ಟೈಪು ಮಾಡಿ ಅಲ್ಲಿ ಕೋಷ್ಟಕವಾಗಿ ಇಡುತ್ತದೆ. ಹಿಂದಿನ ಚುನಾವಣೆಗಳ ಹೋಲಿಕೆ ಸುಲಭ, ಹಳೆಯ ಅಫಿಡವಿಟ್‌ಗಳೂ ಸಿಗುತ್ತವೆ. ಅಂಕಿಯಲ್ಲಿ ಅನುಮಾನ ಬಂದರೆ ಮೂಲ ಸ್ಕ್ಯಾನೇ ಪ್ರಮಾಣ. ಲೋಕಸಭೆಯ ವೆಬ್‌ಸೈಟಿನ ಸದಸ್ಯ ಪರಿಚಯ ಸದಸ್ಯರೇ ಕೊಟ್ಟದ್ದು. ಹುಟ್ಟೂರು, ಓದು ತಿಳಿಯಲು ಸಾಕು, ಪರಿಶೀಲನೆಗೆ ಅಲ್ಲ.

ಅಫಿಡವಿಟ್‌ನಲ್ಲಿ ಬರೆದದ್ದೆಲ್ಲ ನಿಜವೆಂದು ಆಯೋಗ ಹೇಳುತ್ತಿಲ್ಲ ಎಂಬುದು ನೆನಪಿರಲಿ. ಚುನಾವಣಾಧಿಕಾರಿ ಪರಿಶೀಲಿಸುವುದು ಕಾಲಂ ತುಂಬಿದೆಯೇ ಎಂಬುದನ್ನು. 2013ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ. ಇಲ್ಲ ಅಥವಾ ಅನ್ವಯಿಸುವುದಿಲ್ಲ ಎಂದಾದರೂ ಬರೆಯಬೇಕು, ಸೂಚಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕೃತವಾಗಬಹುದು. ಸುಳ್ಳು ಬರೆದರೆ ಜನಪ್ರತಿನಿಧಿ ಕಾಯ್ದೆಯ 125ಎ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ. ಅದಕ್ಕೆ ನ್ಯಾಯಾಲಯಕ್ಕೆ ಹೋಗಬೇಕು. ಗೆದ್ದವರ ಆಯ್ಕೆಯನ್ನೇ ಪ್ರಶ್ನಿಸುವುದಾದರೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಬೇಕು. ಅದಕ್ಕಿಂತ ಹಗುರವಾದ ದಾರಿಯೂ ಒಂದಿದೆ. ಅಭ್ಯರ್ಥಿಯ ಮಾಹಿತಿ ತಪ್ಪೆಂದು ದಾಖಲೆ ಇರುವವರು ಯಾರೇ ಆದರೂ ಪ್ರತಿ ಅಫಿಡವಿಟ್ ಸಲ್ಲಿಸಬಹುದು, ಅದನ್ನೂ ಸಾರ್ವಜನಿಕವಾಗಿ ಪ್ರಕಟಿಸಬೇಕು. ಹಾಗಾಗಿ ಅಭ್ಯರ್ಥಿಯ ಪುಟದಲ್ಲಿ ಅಂಥದ್ದೇನಾದರೂ ಇದೆಯೇ ಎಂದು ಕೆಳಗಿನತನಕ ಸರಿಸಿ ನೋಡಿ.

ಒಟ್ಟು ಐದರಲ್ಲಿ ಮೂರೂವರೆ ಅಂಕ ಕೊಡಬಹುದು. ಪುಕ್ಕಟೆ, ಮೂಲ ದಾಖಲೆ, ಚುನಾವಣೆಗೆ ಮೊದಲೇ ಸಿಗುವುದು ಇವು ಸೇವೆಯ ಬಲ. ಸ್ಕ್ಯಾನ್ ಚಿತ್ರ, ಕನ್ನಡದ ಗೈರುಹಾಜರಿ, ಸೇವಾ ಚರಿತ್ರೆಗೆ ಕಾಲಂ ಇಲ್ಲದಿರುವುದು ಕೊರತೆ. ನಾಮಪತ್ರ ಸಲ್ಲಿಕೆಯ ದಿನಗಳಲ್ಲಿ ದಿನಕ್ಕೊಮ್ಮೆ ನೋಡಿದರೆ ಸಾಕು, ಹೊಸ ಅಫಿಡವಿಟ್‌ಗಳು ಸಾಮಾನ್ಯವಾಗಿ ಮರುದಿನದೊಳಗೆ ಏರುತ್ತವೆ. ಪಿಡಿಎಫ್ ಇಳಿಸಿದಾಗ ಫೈಲಿಗೆ ಅಭ್ಯರ್ಥಿಯ ಹೆಸರು, ಕ್ಷೇತ್ರ, ವರ್ಷ ಹಾಕಿ ಉಳಿಸಿ. ಪುಟವೊಂದು ಮಸುಕಾಗಿದ್ದರೆ ಚುನಾವಣಾಧಿಕಾರಿಯ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಬಹುದು. ಕಾಸರಗೋಡು ಲೋಕಸಭಾ ಕ್ಷೇತ್ರಕ್ಕೆ ಕಲೆಕ್ಟರೇ ಚುನಾವಣಾಧಿಕಾರಿ. ಅರ್ಜಿ ಕನ್ನಡದಲ್ಲೇ ಬರೆಯಿರಿ.